ಗಾಡಿಯಲ್ಲಿ ಯಾರೂ ಮಲಗಬೇಡಿ

ಭಾನುವಾರ, ಊಟವಾದ ಮೇಲೆ

ನನ್ನ ಬಂಗಾರದಂಥ ಮಗಳೇ,

ನಾವಿಬ್ಬರೂ ಚೆನ್ನಾಗಿದ್ದೇವೆ. ‘ಇಬ್ಬರೂ’ ಎಂದು ಬರೆದು ಒಂದು ಗಳಿಗೆ ಪೆನ್ನು ಕೆಳಗಿಟ್ಟು ಕೂತಿದ್ದೆ. ಹೌದು, ನಿಮ್ಮಪ್ಪ ಮನೆಯಲ್ಲೇ ಇದ್ದಾರೆ. ಒಳಗಿನ ಕೋಣೆಯಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದಾರೆ, ಪಕ್ಕದ ಮನೆಯ ಟೈಲರ್ ಮೆಷಿನ್ ನಿಲ್ಲಿಸಿ ಕೇಳಿಸಿಕೊಳ್ಳುವಷ್ಟು ಜೋರಾಗಿ. ಹೊಡೆಯಲಿ ಬಿಡು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ನಾಲ್ಕು ಪ್ರಶ್ನೆ ಕೇಳುತ್ತೀ. ಕಾಗದವಾದರೆ ಬಾಯಿ ಮುಚ್ಚಿಕೊಂಡು ಕೊನೆಯವರೆಗೂ ಓದಲೇಬೇಕು.

ನೀನು ಫೋನ್ ಮಾಡಿದಾಗಲೆಲ್ಲ ಅಪ್ಪ ಲೋಡ್ ತೆಗೆದುಕೊಂಡು ಹೋಗಿದ್ದಾರೆ ಎನ್ನುತ್ತಿದ್ದೆನಲ್ಲ, ಅದು ಅರ್ಧ ಸತ್ಯ. ಲೋಡ್ ಇಳಿಸಿದ ಮೇಲೂ ಅವರು ಮನೆಗೆ ಬರುತ್ತಿರಲಿಲ್ಲ. ನಿನ್ನನ್ನು ನರ್ಸಿಂಗ್ ಹಾಸ್ಟೆಲ್‌ಗೆ ಬಿಡಲು ಬರುತ್ತೇನೆಂದು ಹೇಳಿ ಕೈಕೊಟ್ಟರಲ್ಲ, ಆ ಸಿಟ್ಟಿಗೆ ನಾನು ಅವರನ್ನು ಬಾಗಿಲಲ್ಲೇ ನಿಲ್ಲಿಸಿ, “ಆ ಲಾರಿ ಜೊತೆಗೇ ಸಂಸಾರ ಮಾಡ್ಕೊಳ್ಳಿ, ಈ ಮನೆ ನಿಮಗ್ಯಾಕೆ” ಎಂದುಬಿಟ್ಟೆ. ಕೋಪದಲ್ಲಿ ಹೆಂಡತಿ ಏನೇನೋ ಅನ್ನುತ್ತಾಳೆ, ಗಂಡನಾದವನು ಅದನ್ನು ಆಜ್ಞೆ ಅಂದುಕೊಳ್ಳುತ್ತಾನೆಯೇ? ಈ ಮಹಾನುಭಾವರು ಅಂದುಕೊಂಡರು. ದಿಂಬು, ಹೊದಿಕೆ, ಶೇವಿಂಗ್ ಸಾಮಾನು ಎತ್ತಿಕೊಂಡು ಹೋಗಿ ಕ್ಯಾಬಿನ್ನಿನ ಹಿಂದಿನ ಹಲಗೆಯ ಮೇಲೆ ಹಾಸಿಕೊಂಡರು. ಲಾರಿ ಸ್ಟ್ಯಾಂಡಿನಲ್ಲೇ ಸ್ನಾನ, ಅಲ್ಲೇ ಊಟ, ಗಾಡಿಯಲ್ಲೇ ನಿದ್ದೆ. ನನ್ನ ಫೋನು ತೆಗೆಯುತ್ತಿರಲಿಲ್ಲ. ನಾನೂ ಬಿಗಿದುಕೊಂಡೇ ಇದ್ದೆ. ಇಬ್ಬರಿಗೂ ಮೂಗಿನ ಮೇಲೆ ಕೋಪ, ನಿನಗೆ ಗೊತ್ತಿರುವುದೇ.

ಹೀಗಿರುವಾಗ ನಾನು ಕೆಲಸ ಮಾಡುವ ವರ್ಕ್‌ಶಾಪಿಗೆ ಲಾರಿ ಕಂಪನಿಯಿಂದ ಸೂಚನೆ ಬಂತು. ಒಂದು ಮಾಡೆಲ್ಲಿನ ದೊಡ್ಡ ಲಾರಿಗಳನ್ನೆಲ್ಲ ವಾಪಸ್ ಕರೆಸಿ ರಿಪೇರಿ ಮಾಡಬೇಕು. ಬ್ಯಾಟರಿಯಿಂದ ಬರುವ ದಪ್ಪ ಕೇಬಲ್ಲು ಆ ಮಲಗುವ ಹಲಗೆಯ ಕೆಳಗೇ ಹಾದುಹೋಗುತ್ತದೆ. ಅದನ್ನು ಹಿಡಿದಿರುವ ಕ್ಲ್ಯಾಂಪು ಸಡಿಲವಾಗಿ, ಕೇಬಲ್ಲು ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಮೇಲಿನ ರಬ್ಬರು ಸವೆದು ಕಿಡಿ ಹಾರಬಹುದಂತೆ. ಎಂಜಿನ್ ಆಫ್ ಮಾಡಿ ನಿಲ್ಲಿಸಿದ್ದರೂ ಬೆಂಕಿ ಹತ್ತಬಹುದಂತೆ. ರಿಪೇರಿಯಾಗುವವರೆಗೆ ಗಾಡಿಯನ್ನು ಬಯಲಲ್ಲಿ ಒಂಟಿಯಾಗಿ ನಿಲ್ಲಿಸಬೇಕು, ಒಳಗೆ ಯಾರೂ ಮಲಗಬಾರದು. ಫೋನಿನ ಮುಂದೆ ಕೂರುವವಳು ನಾನು ತಾನೆ, ಎಲ್ಲರಿಗೂ ಹೇಳುವ ಕೆಲಸ ನನ್ನ ತಲೆಗೇ ಬಂತು.

ಅಬ್ಬಬ್ಬಾ, ಆ ಡ್ರೈವರುಗಳ ಉತ್ತರಗಳು! ಒಬ್ಬ, “ಮೇಡಂ, ಗಾಡೀಲಿ ಮಲಗಬೇಡ ಅಂದ್ರೆ ಎಲ್ಲಿ ಮಲಗ್ಲಿ, ನಿಮ್ಮ ಆಫೀಸಲ್ಲಾ?” ಎಂದ. ಇನ್ನೊಬ್ಬ, “ಹೊತ್ಕೊಂಡಾಗ ನೋಡ್ಕೊಳ್ಳೋಣ ಬಿಡಿ” ಎಂದು ಫೋನಿಟ್ಟ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಜನ. ಬೈದು, ಬೇಡಿಕೊಂಡು, ಹೆಂಡತಿ ಮಕ್ಕಳ ನೆನಪು ಮಾಡಿಸಿ ಒಬ್ಬೊಬ್ಬರನ್ನೇ ದಾರಿಗೆ ತಂದೆ.

ನಿಮ್ಮಪ್ಪನ ಗಾಡಿಯೂ ಅದೇ ಮಾಡೆಲ್ಲು. ನಾನು ಮೊಟ್ಟಮೊದಲು ಫೋನ್ ಮಾಡಿದ್ದೇ ಅವರಿಗೆ. ತೆಗೆಯಲಿಲ್ಲ. ವರ್ಕ್‌ಶಾಪಿನ ನಂಬರಿನಿಂದ ಮಾಡಿದೆ, ಕಟ್ ಮಾಡಿದರು. ಕೊನೆಗೆ ನಮ್ಮ ಫೋರ್‌ಮನ್ ತನ್ನ ಫೋನಿನಿಂದ ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದ. ಇವರು ಪೂರ್ತಿ ಕೇಳಿಸಿಕೊಂಡು ನಕ್ಕರಂತೆ. “ನನ್ನನ್ನ ಗಾಡಿಯಿಂದ ಇಳಿಸೋಕೆ ಅವಳು ಹೂಡಿರೋ ಆಟ ಇದು. ಇನ್ನೂ ಚೆನ್ನಾಗಿರೋ ಕಥೆ ಕಟ್ಟೋಕೆ ಹೇಳಿ” ಎಂದು ಫೋನನ್ನೇ ಆಫ್ ಮಾಡಿದರಂತೆ.

ಆಗ ಅವರು ಹತ್ತಿ ತುಂಬಿಕೊಂಡು ದೂರದ ಮಿಲ್ಲೊಂದರ ಮುಂದೆ ಸಾಲಿನಲ್ಲಿ ನಿಂತಿದ್ದರು. ಹಿಂದಿನ ಲಾರಿಯಲ್ಲಿ ಹತ್ತಿ, ಮುಂದಿನ ಲಾರಿಯಲ್ಲಿ ಹತ್ತಿ, ನಡುವೆ ಕೇಬಲ್ಲಿನ ಮೇಲೆ ದಿಂಬು ಹಾಕಿಕೊಂಡು ಈ ಮನುಷ್ಯ! ಮಿಲ್ಲಿನ ಆಫೀಸಿಗೆ ಫೋನ್ ಮಾಡಿದರೆ, ಗೇಟಿನ ಹೊರಗಿನ ಗಾಡಿಗಳು ನಮಗೆ ಸಂಬಂಧವಿಲ್ಲ ಎಂದರು. ಊಟದ ಡಬ್ಬಿಯನ್ನೂ ಬಿಚ್ಚಲಿಲ್ಲ ಮಗಳೇ. ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಕಾಣೆ. ಜೀವಂತವಾಗಿ ಬಂದರೆ ಸಾಕು, ಬಂದು ಬೇಕಾದಷ್ಟು ಜಗಳವಾಡಲಿ ಅನ್ನಿಸಿತು.

ಆಗ ನೆನಪಾದವನು ಮೀಸೆ. ಅದೇ, ನಿಮ್ಮಪ್ಪನ ಜೊತೆಗಾರ ಡ್ರೈವರು, ನೀನು ಚಿಕ್ಕವಳಿದ್ದಾಗ ಮೀಸೆ ಹಿಡಿದೆಳೆದು ಕಣ್ಣಲ್ಲಿ ನೀರು ಬರಿಸಿದ್ದೆಯಲ್ಲ, ಅವನೇ. ಅವನ ಗಾಡಿಯೂ ಅದೇ ಸಾಲಿನಲ್ಲಿತ್ತು. ಅವನಿಗೆ ಫೋನ್ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಹೇಗಾದರೂ ಇವರನ್ನು ಗಾಡಿಯಿಂದ ಇಳಿಸಪ್ಪಾ ಎಂದೆ. ನಾನು ಹೇಳಿದ್ದು ಅಷ್ಟೇ. ಅವನೇ ತಲೆ ಓಡಿಸಿ, “ಅತ್ತಿಗೆ ಮೆಟ್ಟಿಲಿಂದ ಬಿದ್ದು ಕಾಲು ಮುರ್ಕೊಂಡು ಆಸ್ಪತ್ರೇಲಿದಾರಂತೆ, ನೀನು ಬಸ್ ಹತ್ತು, ಗಾಡಿ ನಾನು ನೋಡ್ಕೋತೀನಿ” ಎಂದನಂತೆ. ಇವರು ಬೀಗದ ಕೈ ಅವನ ಕೈಗೆ ಹಾಕಿ ಉಟ್ಟ ಬಟ್ಟೆಯಲ್ಲೇ ಹೊರಟರಂತೆ. ಮೀಸೆ ಗಾಡಿಯನ್ನು ಸಾಲಿನಿಂದ ಹೊರತೆಗೆದು, ಬಯಲಲ್ಲಿ ನಿಲ್ಲಿಸಿ, ಬ್ಯಾಟರಿಯ ವೈರು ಬಿಚ್ಚಿ ನನಗೆ ಫೋನ್ ಮಾಡಿದ. ನಾನು ಮೇಜಿಗೆ ತಲೆಯಾನಿಸಿ ಅತ್ತುಬಿಟ್ಟೆ. ಫೋರ್‌ಮನ್ ನೀರು ತಂದುಕೊಟ್ಟ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದೆ. ಬಾಗಿಲಲ್ಲಿ ಇವರು. ಕೂದಲು ಕೆದರಿದೆ, ಅಂಗಿ ಮುದುಡಿದೆ, ಕೈಯಲ್ಲಿ ಹಣ್ಣಿನ ಚೀಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾವ ಕಾಲು?” ಎಂದರು. ನಗುವೂ ಬಂತು, ಅಳುವೂ ಬಂತು. ಎರಡೂ ಗಟ್ಟಿಯಾಗಿವೆ ಎಂದೆ. ಈಗ ಆಕಾಶ ಭೂಮಿ ಒಂದು ಮಾಡುತ್ತಾರೆ ಎಂದು ಕಾದರೆ, ಒಳಗೆ ಬಂದು ಹಣ್ಣು ಮೇಜಿನ ಮೇಲಿಟ್ಟು ಟೀ ಕೇಳಿದರು. ನಿಜ ಹೇಳಿದರೆ ಸುಳ್ಳೆಂದರು, ಸುಳ್ಳು ಹೇಳಿದರೆ ನಂಬಿ ಓಡಿ ಬಂದರು. ಎಂಥವರನ್ನು ಕಟ್ಟಿಕೊಂಡೆನೋ ನಾನು!

ಮಾರನೆಯ ಸಂಜೆ, ಹತ್ತಿ ಇಳಿಸಿದ ಮೇಲೆ, ನಮ್ಮ ಮೆಕ್ಯಾನಿಕ್‌ಗಳು ಗಾಡಿಯನ್ನು ಎಳೆದು ತಂದರು. ನಿಮ್ಮಪ್ಪ ಪಕ್ಕದಲ್ಲೇ ನಿಂತು, “ನನ್ನ ಗಾಡೀಲಿ ಏನೂ ಇರಲ್ಲ, ಬೇಕಾದ್ರೆ ನೋಡಿ” ಎನ್ನುತ್ತಲೇ ಇದ್ದರು. ಹಲಗೆ ಎತ್ತಿದರು. ಕೇಬಲ್ಲಿನ ರಬ್ಬರು ಕಿತ್ತುಬಂದು ಒಳಗಿನ ತಾಮ್ರ ಕಾಣುತ್ತಿತ್ತು. ಹಲಗೆಯ ಅಡಿಭಾಗ ಅಂಗೈಯಗಲ ಸುಟ್ಟು ಕರಿಯಾಗಿತ್ತು, ಸರಿಯಾಗಿ ದಿಂಬು ಇಡುವ ಜಾಗದ ಕೆಳಗೆ. ನಿಮ್ಮಪ್ಪ ಅದರ ಮೇಲೆ ಬೆರಳಾಡಿಸಿ ನನ್ನ ಕಡೆ ತಿರುಗಿ, “ಸುಟ್ಟ ವಾಸನೆ ಬರ್ತಿತ್ತು ಕಣೇ. ಮುಂದಿನ ಗಾಡಿಯವನ ಬ್ರೇಕು ಅಂದ್ಕೊಂಡೆ” ಎಂದರು. ಅಲ್ಲೇ ಬಿದ್ದಿದ್ದ ಹಳೆಯ ಟೈರಿನ ಮೇಲೆ ಕೂತುಬಿಟ್ಟೆ. ಆಮೇಲೆ ಅವರೂ ಬಂದು ಪಕ್ಕದಲ್ಲಿ ಕೂತರು.

ಹೊಸ ಕೇಬಲ್ಲು ಬರುವವರೆಗೆ ಗಾಡಿ ವರ್ಕ್‌ಶಾಪಿನ ಬಯಲಲ್ಲಿ, ಇವರು ಮನೆಯಲ್ಲಿ. ಇನ್ನೂ ಹಟ ಹಿಡಿದಿರುವ ಡ್ರೈವರುಗಳಿಗೆ ಈಗ ಇವರೇ ನನ್ನ ಪಕ್ಕ ಕೂತು ಫೋನ್ ಮಾಡುತ್ತಾರೆ. ನನ್ನ ವಿನಯಕ್ಕೆ ಬಗ್ಗದವರು ಇವರ ಬೈಗುಳಕ್ಕೆ ಗಾಡಿ ತಂದು ನಿಲ್ಲಿಸುತ್ತಿದ್ದಾರೆ. ಮುಂದಿನ ಸಲ ನಿಮ್ಮ ಹಾಸ್ಟೆಲ್ಲಿನಲ್ಲಿ ಹೆತ್ತವರನ್ನು ಒಳಗೆ ಬಿಡುವ ದಿನ ಇಬ್ಬರೂ ಬರುತ್ತೇವೆ. ಅಪ್ಪನ ಮುಂದೆ ಮುಖ ಊದಿಸಿಕೊಂಡು ಕೂರಬೇಡ. ನೀನು ಕೊಡಬೇಕಾದ ಬೈಗುಳವನ್ನೂ ಸೇರಿಸಿ ನಾನೇ ಕೊಟ್ಟಿದ್ದೇನೆ.

ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ಉಸಿರಾಡುತ್ತಿರುವ,
ನಿನ್ನ ಅಮ್ಮ

ತಾ.ಕ.: ಪುಟ್ಟೀ, ಇದು ಅಪ್ಪ. ಅಂಚೆಗೆ ಹಾಕಿ ಬನ್ನಿ ಅಂತ ಅಮ್ಮ ಕೊಟ್ಟಳು. ಕವರು ಅಂಟಿಸಿರಲಿಲ್ಲ, ಓದಿದೆ. ಮೆಟ್ಟಿಲು, ಕಾಲು, ಆಸ್ಪತ್ರೆ, ಇಷ್ಟೆಲ್ಲ ಕಟ್ಟೋ ತಲೆ ಮೀಸೆಗೆ ಎಲ್ಲಿಂದ ಬರಬೇಕು? ಅದು ಯಾರು ಹೇಳಿಕೊಟ್ಟ ಪಾಠ ಅಂತ ಅವನು ತೊದಲುವಾಗಲೇ ಗೊತ್ತಾಯ್ತು. ಆದ್ರೂ ಜೀವ ತಡೀಲಿಲ್ಲ. ಬಸ್ ಸ್ಟ್ಯಾಂಡಲ್ಲಿ ಅಂಗಡಿಯವನ ಫೋನಿಂದ ವರ್ಕ್‌ಶಾಪಿಗೆ ಫೋನ್ ಮಾಡಿದೆ. ನಿಮ್ಮಮ್ಮನೇ ತೆಗೆದಳು. ಯಾರೋ ಡ್ರೈವರು ಅಂದ್ಕೊಂಡು, “ಯಾವ ಗಾಡಿ ಹೇಳಿ, ದಯವಿಟ್ಟು ಇವತ್ತು ಗಾಡೀಲಿ ಮಲಗಬೇಡಿ” ಅಂದಳು. ಮಾತಾಡದೆ ಫೋನಿಟ್ಟೆ. ಕಾಲು ಮುರಿದಿಲ್ಲ ಅಂತ ಖಾತ್ರಿಯಾಯ್ತು, ವಾಪಸ್ ಗಾಡಿಗೆ ಹೋಗಬಹುದಿತ್ತು. ಬಸ್ ಹತ್ತಿದೆ. ಇದನ್ನ ಅಮ್ಮನಿಗೆ ಹೇಳಬೇಡ. ನನಗೆ ಟೋಪಿ ಹಾಕಿದೆ ಅಂತ ಅವಳು ಖುಷಿಯಾಗಿದಾಳೆ.