ಇಲ್ಲದ ಬೆರಳಿನ ತುರಿಕೆ

ಆಲೂರು
೨೬-೫-೧೯೫೭, ಭಾನುವಾರ

ಪ್ರೀತಿಯ ಅಣ್ಣಾ,

ಅವ್ವನ ಮೊಣಕಾಲು ಈಗ ಹೇಗಿದೆ? ಸೊಲ್ಲಾಪುರದ ನಿಮ್ಮ ಮನೆಯ ಮೆಟ್ಟಿಲು ನೆನಪಾದಾಗಲೆಲ್ಲ ಅವಳದೇ ಚಿಂತೆ. ಎಳ್ಳೆಣ್ಣೆ ಬೆಚ್ಚಗೆ ಮಾಡಿ ತಿಕ್ಕಲು ಅತ್ತಿಗೆಗೆ ಹೇಳು. ನಿನಗೆ ಮತ್ತೆ ರಾತ್ರಿ ಪಾಳಿ ಹಾಕಿದ್ದಾರೆಂದು ಬರೆದಿದ್ದೆ. ಮಿಲ್ಲಿನ ಧೂಳಿಗೆ ಕೆಮ್ಮು ಎದ್ದಿಲ್ಲವಷ್ಟೆ? ನಾನು ಆರಾಮ ಇದ್ದೇನೆ. ಹೀಗೆ ಬರೆದಾಗ ನೀನು ನಂಬುವುದಿಲ್ಲವೆಂದು ನನಗೆ ಗೊತ್ತು. ಈ ಸಲ ನಂಬು.

ಶಾಲೆಗೆ ರಜೆ ಬಿಟ್ಟ ಮರುದಿನವೇ ಆದವಾನಿಯಿಂದ ಚಿಕ್ಕವ್ವನ ಮನೆಗೆ ಬಂದೆ. ಬಿಸಿಲು ಕೇಳಬೇಡ, ಮಧ್ಯಾಹ್ನ ಅಂಗಳದ ಕಲ್ಲಿನ ಮೇಲೆ ಹಪ್ಪಳ ಇಟ್ಟರೆ ಸುಟ್ಟೇ ಹೋಗುತ್ತದೆ. ಮೊದಲ ಕೆಲವು ದಿನ ನಾನು ನಡುಮನೆ ಬಿಟ್ಟು ಹೊರಗೆ ಬರಲೇ ಇಲ್ಲ. ಗಾಡಿಯ ಗಾಲಿ ನನ್ನ ಪಾದದ ಮೇಲೆ ಹಾದು, ಹುಣ್ಣು ಕೊಳೆತು, ಮೊಣಕಾಲಿನ ಕೆಳಗೆ ಕಾಲು ತೆಗೆದ ಮೇಲೆ ಊರ ಬೀದಿಯಲ್ಲಿ ನಾನು ನಡೆದದ್ದೇ ಇಲ್ಲ, ನೋಡು. ಆದವಾನಿಯಲ್ಲಿ ಶಾಲೆಯ ಹಿಂದಿನ ಕೋಣೆಯಿಂದ ಪಾಠ ಹೇಳಲು ತರಗತಿಗೆ, ಪಾಠ ಮುಗಿಸಿ ಮತ್ತೆ ಕೋಣೆಗೆ. ಇಲ್ಲಿಯೂ ಹಾಗೇ ಆಗುತ್ತಿತ್ತು. ಆದರೆ ಚಿಕ್ಕಪ್ಪನ ಕನ್ನಡ ಪತ್ರಿಕೆ ಹುಬ್ಬಳ್ಳಿಯಿಂದ ಬರುತ್ತದೆ, ಅದನ್ನು ಓದಲು ದಿನಾ ಒಬ್ಬರು ಪಡಸಾಲೆಗೆ ಬರುತ್ತಿದ್ದರು.

ಅವರ ಹೆಸರು ಏಕಾಂತಪ್ಪ. ಬಸ್ ನಿಲ್ದಾಣದ ಆಚೆ ಬಟ್ಟೆ ಅಂಗಡಿಯ ಬಜಾರಪ್ಪ ಇದ್ದಾರಲ್ಲ, ಅವರ ಹೆಂಡತಿಯ ತಮ್ಮ. ಆದವಾನಿಯ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ. ಹೊಸ ಹತ್ತಿ ಬರುವವರೆಗೆ ಮಿಲ್ಲು ಬಂದ್ ಇರುವುದರಿಂದ ಅಕ್ಕನ ಮನೆಗೆ ಬಂದಿದ್ದಾರೆ. ವಯಸ್ಸು ನಿನ್ನಷ್ಟೇ ಇರಬಹುದು. ಹೋದ ವರ್ಷದ ಹಿಂದಿನ ಸುಗ್ಗಿಯಲ್ಲಿ ಅಂಗಿಯ ತೋಳು ಯಂತ್ರಕ್ಕೆ ಸಿಕ್ಕಿ ಎಡಗೈ ಮೊಣಕೈಗಿಂತ ಮೇಲಕ್ಕೆ ಹೋಯಿತು. ಈಗ ಅದೇ ಮಿಲ್ಲಿನ ಕಾಟಾದ ಹತ್ತಿರ ನಿಂತು ತೂಕ ಕೂಗುತ್ತಾರೆ. ಇದನ್ನೆಲ್ಲ ಚಿಕ್ಕವ್ವ ಹೇಳಿದಳು. ನನಗೆ ಕನಿಕರಕ್ಕಿಂತ ಕುತೂಹಲವೇ ಹೆಚ್ಚಾಯಿತು. ಒಂದೇ ಕೈಯಲ್ಲಿ ಅಷ್ಟು ದೊಡ್ಡ ಪತ್ರಿಕೆಯನ್ನು ಹೇಗೆ ತಿರುವುತ್ತಾರೆ? ಧೋತರ ಹೇಗೆ ಉಡುತ್ತಾರೆ? ಬಾಗಿಲ ಸಂದಿಯಿಂದ ನೋಡಿದೆ. ಬೇರೆಯವರು ನನ್ನನ್ನು ಹಾಗೆ ನೋಡಿದರೆ ನನಗೆ ಎಷ್ಟು ಸಿಟ್ಟು ಬರುತ್ತದೆಂಬುದು ಆಗ ನೆನಪೇ ಆಗಲಿಲ್ಲ.

ಪತ್ರಿಕೆಯನ್ನು ಮಂಡಿಯ ಕೆಳಗೆ ಒತ್ತಿ ಹಿಡಿದು ಓದುತ್ತಿದ್ದವರು ನಡುವೆ ನಿಲ್ಲಿಸಿದರು. ಮಡಿಚಿ ಪಿನ್ನು ಹಾಕಿದ ತೋಳಿನಿಂದ ಒಂದು ಮೊಳ ಕೆಳಗೆ, ಏನೂ ಇಲ್ಲದ ಕಡೆ, ಬಲಗೈಯಿಂದ ಮೆಲ್ಲಗೆ ಕೆರೆದುಕೊಂಡರು. ಬರೀ ಗಾಳಿಯನ್ನು. ಅಣ್ಣಾ, ನನಗೂ ಇಲ್ಲದ ಪಾದದ ಹೆಬ್ಬೆರಳು ತುರಿಸುತ್ತದೆ. ತಲೆ ಕೆಟ್ಟಿದೆ ಎಂದಾರೆಂದು ಹೆದರಿ ಅದನ್ನು ಡಾಕ್ಟರಿಗೂ ಅವ್ವನಿಗೂ ಹೇಳಿರಲಿಲ್ಲ. ನಾಚಿಕೆ ಮರೆತು ಬಾಗಿಲು ತೆರೆದು ಕೇಳಿಯೇಬಿಟ್ಟೆ, "ಯಾವ ಬೆರಳು ತುರಸ್ತೈತ್ರಿ?"

ಅವರು ಕಳ್ಳತನದಲ್ಲಿ ಸಿಕ್ಕವರಂತೆ ಕೈ ತೆಗೆದರು. ಆಮೇಲೆ "ಕಿರುಬೆರಳ್ರಿ" ಅಂದರು. "ನಿಮಗ ಹೆಂಗ ಗೊತ್ತಾತು?"

"ನನಗೂ ಹಂಗ ಆಗ್ತೈತ್ರಿ. ಹೆಬ್ಬೆರಳು."

ಅಂದಿನಿಂದ ಪತ್ರಿಕೆ ಓದುವುದು ಕಡಿಮೆಯಾಯಿತು. ಚಿಕ್ಕವ್ವ ಪಡಸಾಲೆಯಲ್ಲೇ ಕುಳಿತು ಶೇಂಗಾ ಸುಲಿಯುತ್ತಿರುವಾಗ ನಾವಿಬ್ಬರೂ ವಿಚಿತ್ರ ಊರಿಗೆ ಹೋಗಿ ಬಂದವರ ಹಾಗೆ ಒಬ್ಬರನ್ನೊಬ್ಬರು ವಿಚಾರಿಸುತ್ತಿದ್ದೆವು. ಚಳಿಗೆ ನೋಯುತ್ತದೆಯೇ? ಕನಸಿನಲ್ಲಿ ಕೈ ಇರುತ್ತದೆಯೇ? ನನ್ನ ಕನಸಿನಲ್ಲಿ ಎರಡೂ ಕಾಲು ಇರುತ್ತವೆ, ಅವರ ಕನಸಿನಲ್ಲಿ ಕೈ ಇರುವುದಿಲ್ಲವಂತೆ. ಯಾಕೆ ಹೀಗೆಂದು ತುಂಬ ಹೊತ್ತು ಮಾತಾಡಿದೆವು, ತಿಳಿಯಲಿಲ್ಲ. ಒಂದು ದಿನ ನನ್ನ ಮರದ ಕಾಲನ್ನು ನೋಡಬಹುದೇ ಎಂದು ಕೇಳಿದರು. ಮೋಟುಕಾಲು ಕೂರುವ ಅದರ ಬಟ್ಟಲಿನ ಅಂಚು ತಾಗಿ ನನಗೆ ಸದಾ ಹುಣ್ಣಾಗಿರುತ್ತದೆ, ನಿನಗೆ ಚಿಂತೆಯಾದೀತೆಂದು ಬರೆದಿರಲಿಲ್ಲ. ಹಳೆಯ ಸೀರೆಯಲ್ಲಿ ಸುತ್ತಿ ತಂದು ಚಾಪೆಯ ಮೇಲಿಟ್ಟೆ. ಅವರು ಮುಟ್ಟುವ ಮೊದಲು "ಬಿಚ್ಚಲೇನ್ರಿ?" ಎಂದು ಕೇಳಿದರು. ಅಣ್ಣಾ, ಆಸ್ಪತ್ರೆಯಲ್ಲಿ ನನ್ನ ಕಾಲನ್ನು ಎಷ್ಟು ಜನ ಬಿಚ್ಚಿ ನೋಡಿದರು, ಹೀಗೆ ಕೇಳಿದವರು ಇವರೊಬ್ಬರೇ.

ಮೆತ್ತನೆಯ ತೊಗಲು ತಂದು, ಒಳಗೆ ಅರಳೆ ತುಂಬಿ ಬಟ್ಟಲಿಗೆ ಹೊಲಿದೆವು. ತೊಗಲನ್ನು ನಾನು ಎರಡೂ ಕೈಯಲ್ಲಿ ಬಿಗಿಹಿಡಿಯುವುದು, ಅವರು ದಬ್ಬಣ ಎಳೆಯುವುದು. ಮೊದಲ ಸಲ ಒಂದು ಕಡೆ ಅರಳೆ ಹೆಚ್ಚಾಗಿ ನಾನು ಕಾಲು ಕಟ್ಟಿದ ಕೋಳಿಯಂತೆ ಕುಪ್ಪಳಿಸಿದೆ. ಅವರು ನಕ್ಕರು, ನಾನೂ ನಕ್ಕೆ. ನನ್ನ ನಡಿಗೆಗೆ ಯಾರಾದರೂ ನನ್ನೆದುರೇ ನಕ್ಕದ್ದು, ಅದರಿಂದ ನನಗೆ ನೋವಾಗದಿದ್ದದ್ದು ಅದೇ ಮೊದಲು. ಬಿಚ್ಚಿ ಮತ್ತೆ ಹೊಲಿದೆವು. ಈಗ ಹುಣ್ಣು ಮಾಯುತ್ತಿದೆ.

ಅವರಿಗೊಂದು ಸಂಕಟ ಇತ್ತು. ಇಲ್ಲದ ಕೈ ಯಂತ್ರಕ್ಕೆ ಸಿಕ್ಕ ದಿನದಿಂದ ಮುಷ್ಟಿ ಕಟ್ಟಿಯೇ ಇದೆ, ಉಗುರು ಅಂಗೈಯಲ್ಲಿ ನಾಟಿದಂತೆ ನೋಯುತ್ತದೆ, ಬಿಚ್ಚಲು ಆಗುವುದಿಲ್ಲ ಎಂದಿದ್ದರು. ನನಗೆ ಅದೇ ಯೋಚನೆ. ಒಂದು ಮಧ್ಯಾಹ್ನ ಚಿಕ್ಕವ್ವ ಹುರಿದ ಶೇಂಗಾ ಮೊರದಲ್ಲಿ ತಂದಳು. ನಾನು "ಕಣ್ಣು ಮುಚ್ಚಿ ಬೊಗಸೆ ಹಿಡೀರಿ" ಅಂದೆ. "ಬೊಗಸೆಗೆ ಎರಡು ಕೈ ಬೇಕ್ರಿ." "ಎರಡೂ ಹಿಡೀರಿ." ಬೆಚ್ಚಗಿನ ಶೇಂಗಾ ಸುರಿದೆ. ಅರ್ಧ ಬಲಗೈಯಲ್ಲಿ ನಿಂತಿತು, ಅರ್ಧ ನೆಲಕ್ಕೆ ಬಿತ್ತು. ಚಿಕ್ಕವ್ವ ಬೈಯಲು ಬಾಯಿ ತೆರೆದವಳು ಅವರ ಮುಖ ನೋಡಿ ಬಿದ್ದ ಶೇಂಗಾ ಆಯತೊಡಗಿದಳು. ಕಣ್ಣು ಮುಚ್ಚಿಕೊಂಡೇ ಅವರು "ಬಿಚ್ಚಿತ್ರಿ" ಅಂದರು. ಮರುದಿನ ಮತ್ತೆ ಬಿಗಿಯಿತಂತೆ. ಆದರೆ ಒಮ್ಮೆ ಬಿಚ್ಚಿದ್ದು ಇನ್ನೊಮ್ಮೆ ಬಿಚ್ಚೀತು.

ಅದೇ ವಾರ ನನಗೆ ಗಂಡು ನೋಡಿದ್ದೀಯೆಂಬ ನಿನ್ನ ಕಾಗದ ಬಂತು. ಸೊಲ್ಲಾಪುರದ ಹಗ್ಗದ ಅಂಗಡಿಯವರು, ಹೆಂಡತಿ ತೀರಿಕೊಂಡಿದ್ದಾಳೆ, ಚಿಕ್ಕ ಮಕ್ಕಳಿದ್ದಾರೆ, ಒಳ್ಳೆಯ ಮನುಷ್ಯ, ನನ್ನ ಕಾಲಿನ ಮಾತನ್ನು ಎಂದಿಗೂ ಎತ್ತುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ ಎಂದು ಬರೆದಿದ್ದೆ. ಚಿಕ್ಕಪ್ಪ ಅದನ್ನು ಗಟ್ಟಿಯಾಗಿ ಓದಿದರು. ಸಂಜೆ ಏಕಾಂತಪ್ಪನವರನ್ನು ಕಟ್ಟೆಯಲ್ಲೇ ನಿಲ್ಲಿಸಿ, "ನಮ್ಮ ಹುಡುಗಿಗೆ ಸೊಲ್ಲಾಪುರದಾಗ ಗಟ್ಟಿ ಆಗೈತಿ. ನೀವು ಹಿಂಗ ಬರೋದು ಚಂದ ಅಲ್ಲ" ಅಂದರು. ಒಳಗೆ ಚಿಕ್ಕವ್ವ ನನಗೆ, "ನೀನು ಏನು ಮಾಡಾಕ ಹತ್ತೀದಿ ಗೊತ್ತೈತೇನು? ಇಬ್ಬರೂ ಕೂಡಿದ್ರ ಮೂರು ಕೈ, ಮೂರು ಕಾಲು. ನೀರು ತರೋರು ಯಾರು, ಕೂಸು ಎತ್ಕೊಳ್ಳೋರು ಯಾರು?" ಅಂದಳು. ಅವಳಿಗೂ ಅಳು ಬಂದಿತ್ತು. ಅವಳ ಪ್ರಶ್ನೆ ಸುಳ್ಳಲ್ಲ.

ಅವರು ಬರುವುದು ನಿಂತಿತು. ಪತ್ರಿಕೆಗಳು ಮಡಿಕೆ ಬಿಚ್ಚದೆ ಮೂಲೆಯಲ್ಲಿ ಬಿದ್ದವು. ನಾನು ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಕಾಲಿನ ಮಾತೇ ಎತ್ತದ ಮನೆಯಲ್ಲಿ ಹೇಗೆ ಬದುಕುವುದೆಂದು ಯೋಚಿಸಿದೆ. ಕಾಲು ನೋಯುವಾಗ ಯಾರಿಗೆ ಹೇಳುವುದು? ನಿನ್ನೆ ಬೆಳಿಗ್ಗೆ ಮರದ ಕಾಲು ಕಟ್ಟಿಕೊಂಡು, ಇನ್ನೊಂದು ಕಾಲಿಗೆ ಚಪ್ಪಲಿ ಮೆಟ್ಟಿ ಹೊರಟೆ. ಚಿಕ್ಕವ್ವ "ಗಾಡಿ ಕಟ್ಟಿಸ್ತೀನಿ ತಡಿ" ಅಂದಳು. ಬೇಡವೆಂದೆ. ಕಲ್ಲು ಹಾಸಿದ ಬೀದಿಯಲ್ಲಿ ನನ್ನ ಕಾಲಿನ ಟಕ್ ಟಕ್ ಸದ್ದಿಗೆ ಜನ ಅಂಗಡಿಯಿಂದ ಇಣುಕಿದರು. ಬಸ್ ನಿಲ್ದಾಣದಲ್ಲಿ ಸೌತೆಕಾಯಿ ಮಾರುವವಳು ತೆಲುಗಿನಲ್ಲಿ "ಎಕ್ಕಡಿಕಮ್ಮಾ, ಇಂತ ಎಂಡಲೋ?" ಅಂದಳು. ಇಷ್ಟು ಬಿಸಿಲಿನಲ್ಲಿ ಎಲ್ಲಿಗೆಂದು. "ಇಕ್ಕಡಿಕೇ" ಅಂದೆ, ಇಲ್ಲಿಗೇ ಎಂದು. ಬೆವರಿನಲ್ಲಿ ತೊಯ್ದಿದ್ದೆ, ಆದರೆ ಎಲ್ಲಿಯೂ ಕೂರಲಿಲ್ಲ.

ಏಕಾಂತಪ್ಪನವರು ಅಕ್ಕನ ಮನೆಯ ಹಿತ್ತಲಲ್ಲಿ ಅಂಗಿ ಒಗೆಯುತ್ತಿದ್ದರು. ಅಂಗಿಯನ್ನು ಕಂಬಕ್ಕೆ ಸುತ್ತಿ ಒಂದೇ ಕೈಯಿಂದ ತಿರುವಿ ತಿರುವಿ ಹಿಂಡುವುದನ್ನು ನಿಂತು ನೋಡಿದೆ. ತಿರುಗಿ ನನ್ನನ್ನು ಕಂಡು ಮೊದಲು ಕೇಳಿದ್ದು, "ನಡಕೊಂತ ಬಂದ್ರೇನು? ತೊಗಲು ಒತ್ತಲಿಲ್ಲಲ್ಲ?" ಒತ್ತಲಿಲ್ಲ ಅಂದೆ. ಯಾಕೆ ಬರುವುದು ಬಿಟ್ಟಿರೆಂದು ಕೇಳಿದೆ. "ನಿಮ್ಮಣ್ಣ ಪೂರಾ ಮನುಷ್ಯಾನ್ನ ಹುಡುಕ್ಯಾರ. ಅಡ್ಡ ಬರಬಾರದು ಅನಿಸ್ತು" ಅಂದರು. ಅವರ ಅಕ್ಕ ಮಜ್ಜಿಗೆ ಕೊಟ್ಟರು. ಸ್ವಲ್ಪ ಮಾತಾಡಿ, ಬಿಸಿಲು ನೆತ್ತಿಗೆ ಏರುವ ಮೊದಲೇ ಮನೆಗೆ ಬಂದೆ. ನಿಲ್ದಾಣದವರೆಗೆ ಅವರೂ ಜೊತೆಗೆ ನಡೆದರು.

ಇಷ್ಟೇ ಇಲ್ಲಿನ ಸಮಾಚಾರ. ಅವ್ವನ ಪಾದಕ್ಕೆ ನನ್ನ ಹಣೆ ಮುಟ್ಟಿತೆಂದು ಹೇಳು. ಅತ್ತಿಗೆಗೆ ನೆನಪು, ಮಕ್ಕಳ ಕೆನ್ನೆಗೆ ಮುತ್ತು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಕೊಟ್ರಮ್ಮ

ಟಪಾಲಿನ ಬಸ್ಸು ಹೊರಡುವುದರಲ್ಲಿದೆ, ಬೇಗ ಬರೆಯುತ್ತೇನೆ. ಸ್ವಲ್ಪ ಮಾತಾಡಿದೆವು ಎಂದೆನಲ್ಲ, ಅದೇ ಮುಖ್ಯ, ಮೇಲೆ ಬರೆಯಲು ಕೈ ಬರಲಿಲ್ಲ. ಏಕಾಂತಪ್ಪನವರು ನನ್ನನ್ನು ಕೇಳಲಿಲ್ಲ ಅಣ್ಣಾ, ನಾನೇ ಕೇಳಿದೆ. "ನನ್ನ ಲಗ್ನ ಆಗ್ತೀರೇನು?" ಅಂದೆ. ಒದ್ದೆ ಅಂಗಿಯನ್ನು ಕಲ್ಲಿನ ಮೇಲಿಟ್ಟರು. ಆಮೇಲೆ "ಇನ್ನೊಮ್ಮೆ ಕೇಳ್ರಿ" ಅಂದರು. ಯಾಕೆ, ಕೇಳಿಸಲಿಲ್ಲವೇ ಅಂದೆ. "ಕೇಳಿಸ್ತು. ಇಂಥಾ ಮಾತು ಯಾರೂ ನನ್ನ ಕೇಳಂಗಿಲ್ಲ ಅನ್ಕೊಂಡಿದ್ದೆ. ಇನ್ನೊಮ್ಮೆ ಕೇಳಬೇಕು ಅನಿಸ್ತೈತಿ." ಇನ್ನೊಮ್ಮೆ ಕೇಳಿದೆ. ಹೂಂ ಅಂದರು. ನೀರು ಯಾರು ತರುತ್ತಾರೆಂಬುದು ಇನ್ನೂ ತೀರ್ಮಾನವಾಗಿಲ್ಲ. ಹಗ್ಗದ ಅಂಗಡಿಯವರಿಗೆ ನೀನೇ ಮರ್ಯಾದೆಯಿಂದ ಇಲ್ಲವೆಂದು ಹೇಳಿಬಿಡು. ನೀನು ಬಾರದಿದ್ದರೂ ಮದುವೆ ಆಗುತ್ತದೆ, ಆದರೆ ಧಾರೆಯ ಹೊತ್ತಿಗೆ ನಾನು ಬಾಗಿಲ ಕಡೆಯೇ ನೋಡುತ್ತಿರುತ್ತೇನೆ. ಅವ್ವನನ್ನೂ ಕರೆದುಕೊಂಡು ಬಾ.