ಕಾಯಿಸಿ ಆರಿಸಿದ ನೀರು

ಅಕ್ಟೋಬರ್ 19, ಭಾನುವಾರ

ಆರು ಗಾಡಿ ಸಗಣಿ ಎತ್ತಿಯಾಯಿತು. ಹದಿನಾಲ್ಕು ಹಸು, ದಿನಕ್ಕೆ ಆರು ತಳ್ಳುಗಾಡಿ. ಇವರಿಗೆ ಸೊಂಟ ಹಿಡಿದಿದೆ. ದೀಪುವಿಗೆ ಇವತ್ತಿಗೆ ಐದು ವಾರ. ತೊಟ್ಟಿಲನ್ನು ಕೊಟ್ಟಿಗೆ ಬಾಗಿಲಲ್ಲೇ ಇಟ್ಟುಕೊಂಡು ಕೆಲಸ ಮಾಡಿದೆ.

ಮಧ್ಯಾಹ್ನ ರಘೋತ್ತಮ ಅಂಕಲ್, ಅನಸೂಯ ಆಂಟಿ ವೆಸ್ಟ್‌ಮಂಟ್ ಪಟ್ಟಣದ ತಮ್ಮ ಮನೆಯಿಂದ ಬಂದರು. ಗೋಶಾಲೆ ಅವರದೇ. ನಮ್ಮ ವೀಸಾ ಕೂಡ ಈ ಕೆಲಸದ ಮೇಲೆಯೇ. ಅಂಕಲ್ ಇವರಿಗೆ ಗದರಿದರು — "ಏನಪ್ಪಾ ಸುರೇಶ, ಬಾಣಂತಿ ಕೈಲಿ ಗಾಡಿ ತಳ್ಳಿಸ್ತೀಯಾ? ನಿಮ್ಮೂರಲ್ಲಿ ಇದೇ ರೂಢೀನಾ?" ಇವರು ನಕ್ಕರು. ಗಾಡಿ ಯಾರೂ ತೆಗೆದುಕೊಳ್ಳಲಿಲ್ಲ.

ಇಳಿಜಾರಿನ ಕೆಳಗೆ ಬಿಳಿ ಮನೆ. ಅಲ್ಲಿಯ ಬಸುರಿ ಹೆಂಗಸು ಇವತ್ತೂ ಬೇಲಿ ಹತ್ತಿರ ನಿಂತು ಕೈ ಬೀಸಿದಳು. ನಾನು ತಲೆ ತಗ್ಗಿಸಿ ಒಳಗೆ ಬಂದೆ. ಕೈ ಬೀಸಿದರೆ ಮಾತಾಡಿಸುತ್ತಾಳೆ. ಮಾತಾಡಿಸಿದರೆ ಇಂಗ್ಲಿಷ್...

ಅಕ್ಟೋಬರ್ 23

ಕೌಂಟಿ ಆಫೀಸಿನಿಂದ, ಅಂದರೆ ಇಲ್ಲಿಯ ಜಿಲ್ಲಾ ಕಚೇರಿಯಿಂದ, ಒಬ್ಬಳು ಬಂದಿದ್ದಳು. ಎತ್ತರದ ಹೆಂಗಸು, ಗಂಡಸರ ಬೂಟು. ಸುತ್ತಲಿನ ಜೋಳದ ಹೊಲದವರಿಗೆಲ್ಲ ಒಂದು ಕಾಗದ ಕೊಟ್ಟು ಬಂದಳಂತೆ, ನಮಗೂ ಕೊಟ್ಟಳು. ಗೊಬ್ಬರ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬ ನಿಯಮ. ನಾನು ಓದಿದ್ದು ಐದನೇ ಕ್ಲಾಸು, ಇಂಗ್ಲಿಷ್ ಅಕ್ಷರ ಓದಲಾಗಲಿಲ್ಲ. ಚಿತ್ರ ಅರ್ಥವಾಯಿತು. ಬೋರ್‌ವೆಲ್ ಪಕ್ಕ ತಿಪ್ಪೆ — ಅದರ ಮೇಲೆ ಕೆಂಪು ಅಡ್ಡಗೆರೆ. ಹಿಮ ಬಿದ್ದ ಗದ್ದೆಗೆ ಸಗಣಿ ಎರಚುವ ಟ್ರ್ಯಾಕ್ಟರ್ — ಅದಕ್ಕೂ ಗೆರೆ.

ಎಷ್ಟು ದೂರ ಇರಬೇಕು ಎಂದು ತಾನೇ ನಡೆದು ತೋರಿಸಿದಳು. ಅವಳ ಹೆಜ್ಜೆಯಲ್ಲಿ ಐವತ್ತಾರು. ಅವಳು ಹೋದ ಮೇಲೆ ನಮ್ಮ ಬೋರ್‌ವೆಲ್‌ನಿಂದ ತಿಪ್ಪೆಗೆ ಅಳೆದೆ. ನನ್ನ ಹೆಜ್ಜೆಯಲ್ಲಿ ಹದಿನೇಳು.

ಇವರು ಅಂಕಲ್‌ಗೆ ಫೋನ್ ಮಾಡಿದರು. ಸ್ಪೀಕರ್‌ನಲ್ಲಿ ಅಂಕಲ್ ಜೋರಾಗಿ ನಕ್ಕರು. "ಅದೆಲ್ಲ ಸಾವಿರ ಹಸು ಸಾಕೋರಿಗೆ ಕಣಪ್ಪ. ಯೂರಿಯಾ ಸುರಿಯೋರಿಗೆ. ನಮ್ಮದು ದೇಸಿ ಹಸು ಸಗಣಿ. ಅದರಲ್ಲಿ ಮನೆ ಸಾರಿಸ್ತೀವಿ ನಾವು. ಪೊಲ್ಯೂಷನ್ ಅಂತೆ!"

ಆದರೂ ಬೋರ್‌ವೆಲ್ ನೀರನ್ನು ಒಂದು ಬಾಟಲಿಗೆ ತುಂಬಿಡಲು ಹೇಳಿದರು. ಪರೀಕ್ಷೆಗೆ ಯಾವುದೋ ಲ್ಯಾಬ್‌ಗೆ ತಾವೇ ಕಳಿಸುತ್ತಾರಂತೆ. ಕಾಗದವನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದೆ.

ನವೆಂಬರ್ 9

ಹಾಲು ಸಾಲುತ್ತಿಲ್ಲ. ಮೂರು ದಿನದಿಂದ ದೀಪು ಚೀಪಿ ಚೀಪಿ ಅಳುತ್ತಾನೆ. ಹದಿನಾಲ್ಕು ಹಸು ಇರುವ ಮನೆಯಲ್ಲಿ ನನ್ನ ಎದೆ ಬತ್ತಿದೆ. ಯಾರಿಗೆ ಹೇಳಲಿ?

ಆಂಟಿ ಇವತ್ತೂ ಹೇಳಿದರು. "ಆರು ತಿಂಗಳು ಎದೆಹಾಲೇ ಕೊಡು ಮಾನಸ. ನಮ್ಮ ಮಾನ್ಯಾ ನೋಡು, ಹುಟ್ಟಿದ ದಿನದಿಂದ ಬಾಟಲಿ. ಈಗಿನ ಸೊಸೆಯರು. ನೀನು ಜಾಣೆ."

ಜಾಣೆ ತಲೆಯಾಡಿಸಿದಳು. ಇವರು ಸಂಜೆ ಅಂಗಡಿಗೆ ಹೋಗಿ ಹಾಲಿನ ಪುಡಿ ಡಬ್ಬಿ ತಂದರು. ಅಕ್ಕಿ ಚೀಲದ ಹಿಂದೆ ಇಟ್ಟಿದ್ದೇನೆ.

ವಿಡಿಯೋ ಕಾಲ್‌ನಲ್ಲಿ ಊರಿನ ಅತ್ತೆ ಕೆಂಪಮ್ಮ ಒಬ್ಬರಿಗೆ ಮಾತ್ರ ಹೇಳಿದೆ. ಬೈಯಲಿಲ್ಲ. "ಹೋಗ್ಲಿ ಬುಡವ್ವ. ನೀರು ಮಾತ್ರ ಚೆಂದಾಗಿ ಕುದಿಸು. ಬಿಸಿ ಮಾಡಿ ಇಳಿಸ್‌ಬುಟ್ರೆ ಆಯ್ತು ಅನ್ಕಬ್ಯಾಡ. ಎರಡು ಲೋಟ ಇಟ್ರೆ ಒಂದು ಲೋಟ ಉಳೀಬೇಕು. ನನ್ನ ಐದು ಮಕ್ಕಳಿಗೂ ಅಂಗೇ ಮಾಡಿದ್ದು."

ನವೆಂಬರ್ 23

ಆಂಟಿಯ ಮಗ ಸಾಕೇತ್, ಸೊಸೆ ಮಾನ್ಯಾ, ನಾಲ್ಕು ತಿಂಗಳ ಇಂಚರ ಬಂದಿದ್ದರು. ಮಗು ಬೆಣ್ಣೆ ಉಂಡೆ. ಆಂಟಿ ಮೊಮ್ಮಗಳಿಗೆಂದು ಅಂಗಡಿ ನೀರಿನ ಕ್ಯಾನ್ ಹೊತ್ತು ತಂದಿದ್ದರು. ಮಾನ್ಯಾ ಬಾಟಲಿ ತೊಳೆಯಲು ನಲ್ಲಿ ತಿರುಗಿಸಿದರೆ ಅದಕ್ಕೂ ಬಿಡಲಿಲ್ಲ. "ಅದು ಬೇಡ, ಇದರಲ್ಲಿ ತೊಳಿ."

ದೊಡ್ಡವರ ಮನೆಯ ಅಭ್ಯಾಸ. ನಮ್ಮದು ಕಾಯಿಸಿ ಆರಿಸಿದ ನೀರು. ಒಂದು ಹನಿ ಹಸಿ ನೀರು ನನ್ನ ಮಗನ ಬಾಯಿಗೆ ಹೋಗಿಲ್ಲ.

ಡಿಸೆಂಬರ್ 14

ಆರು ಡಿಗ್ರಿ, ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ. ಮೊಣಕಾಲುದ್ದ ಹಿಮ. ತಿಪ್ಪೆ ಕೊಟ್ಟಿಗೆ ಕಿಟಕಿಯವರೆಗೆ ಬೆಳೆದಿದೆ. ಅದರ ಮೇಲೆ ಮಾತ್ರ ಹಿಮ ನಿಲ್ಲುವುದಿಲ್ಲ, ಹೊಗೆಯಾಡುತ್ತದೆ.

ಮೂರು ದಿನದ ಹಿಂದೆ ಬಂದಾಗ, ಅದರಲ್ಲಿ ಒಂದಿಷ್ಟನ್ನು ಮೇಲಿನ ಹುಲ್ಲುಗಾವಲಿಗೆ ಎರಚಿಬಿಡಿ ಎಂದರು ಅಂಕಲ್. ಇವರು ಫ್ರಿಜ್ ಕಡೆ ನೋಡಿದರು. "ಹಿಮದ ಮೇಲೆ ಹಾಕಬಾರದು ಅಂತಲ್ವಾ ಅಂಕಲ್, ಆ ಪೇಪರ್‌ನಲ್ಲಿ..."

"ಪೇಪರ್ ಓದೋಕೆ ಶುರು ಮಾಡಿದ್ಯಾ? ಭೇಷ್. ಈಗ ಸಗಣಿ ಹಾಕು."

ಇಬ್ಬರೂ ಸೇರಿ ಮೂರು ದಿನ ಎರಚಿದೆವು. ಬಿಳಿ ಬಟ್ಟೆ ಕೊಳೆ ಮಾಡಿದ ಹಾಗೆ ಅನಿಸಿತು. ನಾನೂ ಎರಚಿದೆ. ಚಿತ್ರ ನೋಡಿದ್ದವಳು.

ಜನವರಿ 8

ಒಂದೇ ಸಲ ಐವತ್ತು ಡಿಗ್ರಿ, ಇಲ್ಲಿಯ ಲೆಕ್ಕದಲ್ಲಿ ಹಿಮ ಕರಗುವಷ್ಟು ಬೆಚ್ಚಗೆ. ನಿನ್ನೆ ಮಳೆ ಬೇರೆ. ಹಿಮವೆಲ್ಲ ಕರಗಿ ಹುಲ್ಲುಗಾವಲಿನಿಂದ ಟೀ ಬಣ್ಣದ ನೀರು ಹರಿದು ಬೋರ್‌ವೆಲ್ ಪೈಪಿನ ಸುತ್ತ ನಿಂತಿತ್ತು. ನಲ್ಲಿ ನೀರು ನೋಡಿದೆ. ತಿಳಿಯಾಗಿದೆ. ವಾಸನೆ ಇಲ್ಲ, ರುಚಿಯೂ ಹಾಗೇ ಇದೆ. ಮನಸ್ಸು ತಡೆಯದೆ ಇನ್ನೂ ಹತ್ತು ನಿಮಿಷ ಹೆಚ್ಚಿಗೆ ಕುದಿಸಿದೆ.

ಕೆಳಗಿನ ಮನೆಯ ಅಂಚೆ ಡಬ್ಬಿಗೆ ಗುಲಾಬಿ ಬಲೂನು ಕಟ್ಟಿದ್ದಾರೆ. ಹೆಣ್ಣು ಮಗು.

ದೀಪುವಿನ ತುಟಿ ಒಂದು ಥರ. ಚಳಿಗೇನೋ. ಇನ್ನೊಂದು ಸ್ವೆಟರ್ ಹಾಕಿದೆ.

ಜನವರಿ 9

ಉಗುರೂ ನೀಲಿ. ಅಳುವುದಿಲ್ಲ. ಅಳದಿದ್ದರೆ ಒಳ್ಳೆಯದು ಎಂದುಕೊಂಡಿದ್ದೆ. ಬೆಳಗಿನಿಂದ ಎರಡು ಬಾಟಲಿ ಕುಡಿಸಿದೆ, ಶಕ್ತಿ ಬರಲಿ ಎಂದು.

ಜನವರಿ 10. ಮಧ್ಯಾಹ್ನ 3

ಇವರು 911ಗೆ ಫೋನ್ ಮಾಡುತ್ತಿದ್ದಾರೆ. ಬೂದಿ ಬಣ್ಣ. ದೇವರೇ ಬೂದಿ

ಜನವರಿ 15

ಆಸ್ಪತ್ರೆ. ಇವತ್ತು ಬರೆಯಲು ಕೈ ಬಂತು.

ಬದುಕಿದ್ದಾನೆ. ಮೊದಲು ಅದನ್ನು ಬರೆಯುತ್ತೇನೆ. ನೀಲಿ ಔಷಧಿಯನ್ನು ನರಕ್ಕೆ ಕೊಟ್ಟರು, ಒಂದು ಗಂಟೆಯಲ್ಲಿ ಬಣ್ಣ ತಿರುಗಿತು. ತಲೆಗೆ ಉಸಿರು ಸಾಲದೆ ಎಷ್ಟು ಹೊತ್ತು ಇದ್ದನೋ, ಅದರಿಂದ ಏನಾಗಿದೆಯೋ ಈಗ ಹೇಳಲಾಗದಂತೆ. ಕೂರುವ ವಯಸ್ಸಿಗೆ ಕೂರುತ್ತಾನಾ, ನಡೆಯುವ ವಯಸ್ಸಿಗೆ ನಡೆಯುತ್ತಾನಾ — ನೋಡುತ್ತ ಇರಬೇಕು.

ಡಾಕ್ಟರ್ ಹೆಸರು ವಿಭಾ. ಮೈಸೂರಿನವರು. ಮೊದಲ ದಿನ ಅವರ ಬಾಯಲ್ಲಿ ಕನ್ನಡ ಕೇಳಿಯೇ ಅತ್ತುಬಿಟ್ಟೆ.

"ಮಗು ಏನು ಕುಡಿಯತ್ತೆ?"

ಇವರು ನೆಲ ನೋಡಿದರು. "ಪುಡಿ ಹಾಲು" ಎಂದೆ ನಾನೇ.

"ಯಾವ ನೀರಲ್ಲಿ ಕಲಸ್ತೀರಾ?"

"ಬೋರ್‌ವೆಲ್‌ದು. ಹಸಿ ನೀರು ಕೊಟ್ಟೇ ಇಲ್ಲ ಡಾಕ್ಟ್ರೇ. ಎರಡು ಲೋಟ ಇಟ್ಟು ಒಂದು ಲೋಟ ಆಗೋವರೆಗೂ ಕುದಿಸ್ತೀನಿ."

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿದರು. ಸ್ಟೂಲ್ ಎಳೆದು ನನ್ನ ಎದುರು ಕೂತರು.

"ಕುದಿಸಿದ್ರೆ ಕ್ರಿಮಿ ಸಾಯತ್ತೆ ಮಾನಸ. ಇದು ಕ್ರಿಮಿ ಅಲ್ಲ. ನೈಟ್ರೇಟ್ ಅಂತ, ಗೊಬ್ಬರದಿಂದ ನೀರಿಗೆ ಇಳಿದಿರೋದು. ಉಪ್ಪಿದ್ದ ಹಾಗೆ ಅನ್ಕೋ. ದೊಡ್ಡೋರಿಗೆ ಗೊತ್ತೇ ಆಗಲ್ಲ, ಎಳೇ ಮಗೂಗೆ ರಕ್ತಾನೇ ಕೆಡಿಸತ್ತೆ. ಈಗ ಹೇಳು, ಸಾರು ಕುದಿಸಿ ಅರ್ಧಕ್ಕೆ ಇಳಿಸಿದ್ರೆ ಉಪ್ಪು ಏನಾಗತ್ತೆ?"

ಒಲೆ ಮುಂದೆ ನಿಂತ ಯಾರಿಗಾದರೂ ಗೊತ್ತು. ಎರಡು ತಿಂಗಳು ಅಷ್ಟು ಕಾಳಜಿಯಿಂದ... ಹೆಚ್ಚಿಗೆ ಹತ್ತು ನಿಮಿಷ ಬೇರೆ.

ಜನವರಿ 16

ಆಂಟಿ ಆಸ್ಪತ್ರೆಗೆ ಬಂದರು. ಹಣ್ಣು, ಕುಂಕುಮ. ನನ್ನ ಕೈ ಹಿಡಿದು ತಾವೇ ಅತ್ತರು.

"ನೀನು ಎದೆಹಾಲು ಕೊಡ್ತಿದೀಯ ಅನ್ಕೊಂಡಿದ್ದೆ ಕಣೇ. ಪುಡಿ ಹಾಲು ಅಂತ ಒಂದು ಮಾತು ಹೇಳಿದ್ರೆ ನಾನೇ ನೀರಿನ ಕ್ಯಾನ್ ತಂದು ಹಾಕ್ತಿರ್ಲಿಲ್ವಾ?"

ಹೌದಲ್ಲ, ನಾನೇ ಮುಚ್ಚಿಟ್ಟೆ ಎಂದುಕೊಂಡೆ. ಅವರು ಹೋದ ಮೇಲೆ, ಸಿಂಕಿನಲ್ಲಿ ಕೈ ತೊಳೆಯುವಾಗ ಹೊಳೆಯಿತು. ಯಾಕೆ ತಂದು ಹಾಕುತ್ತಿದ್ದರು? ಇಂಚರಳ ಬಾಟಲಿ ತೊಳೆಯುವುದಕ್ಕೂ ನಲ್ಲಿ ನೀರು ಬೇಡ ಎಂದರಲ್ಲ ನವೆಂಬರ್‌ನಲ್ಲಿ...

ಇವರನ್ನು ಕೇಳಿದೆ. ಬಾಗಿಲು ಹಾಕಿ ಬಂದು ಹೇಳಿದರು. ಲ್ಯಾಬ್ ಕಾಗದ ನವೆಂಬರ್‌ನಲ್ಲೇ ಅಂಕಲ್ ಕೈಗೆ ಬಂದಿತ್ತಂತೆ. ಈ ನೀರು ಎಳೆಮಕ್ಕಳಿಗೆ ಕೊಡಬೇಡಿ ಎಂದಿತ್ತಂತೆ. ಅಂಕಲ್ ಮೊನ್ನೆ ಫೋನಿನಲ್ಲಿ ಬಾಯಿ ತಪ್ಪಿ ಹೇಳಿದರಂತೆ.

ಈ ಪುಸ್ತಕದ ಹಿಂದಿನ ಪುಟ ತೆಗೆದು ನೋಡಿದೆ. ದೊಡ್ಡವರ ಮನೆಯ ಅಭ್ಯಾಸ — ನನ್ನದೇ ಅಕ್ಷರ.

ಜನವರಿ 19

ಮನೆ. ಈಗ ದೀಪುವಿಗೆ ಅಂಗಡಿ ನೀರು. ಅವನು ಮೊದಲಿನ ಹಾಗೆ ನನ್ನ ಕಣ್ಣು ಹಿಂಬಾಲಿಸುವುದಿಲ್ಲ. ನನಗೆ ಹಾಗೆ ಕಾಣುತ್ತದೋ ಏನೋ. ಇವರು ಹಿಂಬಾಲಿಸುತ್ತಾನೆ ಅನ್ನುತ್ತಾರೆ.

ಕೌಂಟಿಗೆ ಆಸ್ಪತ್ರೆಯಿಂದ ಸುದ್ದಿ ಹೋಗಿದೆ. ಬೂಟಿನ ಹೆಂಗಸು ಬಾಟಲಿ ಕೊಟ್ಟು ಹೋಗಿದ್ದಾಳೆ. ಬುಧವಾರ ಬೆಳಿಗ್ಗೆ ಹೊಸದಾಗಿ ನೀರು ತುಂಬಿ ಇಟ್ಟಿರಬೇಕು, ಬಂದು ಒಯ್ಯುತ್ತಾಳೆ.

ಅಂಕಲ್ ಬಂದರು. ಕೂರಲಿಲ್ಲ. ಬಾಟಲಿಗೆ ಅಂಗಡಿ ನೀರು ತುಂಬಲು ಹೇಳಿದರು.

ಇವರು — "ಅಂಕಲ್, ಮಗು..."

"ಮಗು ಉಳೀತಲ್ಲಪ್ಪ. ದೇವರು ದೊಡ್ಡೋನು. ಈಗ ಈ ಹದಿನಾಲ್ಕು ಜೀವ ನೋಡು. ಇಲ್ಲಿ ಗೋಶಾಲೆ ಮುಚ್ಚಿದ್ರೆ ಹಸು ಯಾವ ಟ್ರಕ್ ಹತ್ತತ್ತೆ ಗೊತ್ತಾ? ಎಲ್ಲಿಗೆ ಹೋಗತ್ತೆ ಗೊತ್ತಾ? ನಿಮ್ಮ ವೀಸಾ ವಿಷಯ ನಾನು ಎತ್ತೋದಿಲ್ಲ. ನೀವೇ ಯೋಚನೆ ಮಾಡಿ."

ಅಂಕಲ್ ಧ್ವನಿ ನಡುಗಿತು. ಅದು ನಾಟಕ ಅಲ್ಲ. ಒಂದೊಂದು ಹಸುವಿಗೂ ಅವರೇ ಹೆಸರಿಟ್ಟಿದ್ದು.

ಜನವರಿ 20

ಅಂಕಲ್ ಕಳಿಸಿದ ಲೋಡರ್ ಯಂತ್ರ ಬಂದು ತಿಪ್ಪೆ ಎತ್ತಿ ದೂರದ ಗುಂಡಿಗೆ ಸುರಿಯಿತು. ಒಂದು ಗಂಟೆಯ ಕೆಲಸ! ಮೂರು ತಿಂಗಳಿನಿಂದ ಆಗದ್ದು. ಖಾಲಿ ಜಾಗಕ್ಕೆ ಇವರು ಮತ್ತೆ ಬಿದ್ದಿದ್ದ ಹಿಮ ತಳ್ಳಿ ಮುಚ್ಚಿದರು. ಸಂಜೆ ಕ್ಯಾನಿನಿಂದ ಬಾಟಲಿ ತುಂಬಿ ಕಿಟಕಿ ಹತ್ತಿರ ಇಟ್ಟರು. ನನ್ನ ಮುಖ ನೋಡಲಿಲ್ಲ.

ಗೌರಿ ಮುಂದಿನ ವಾರ ಕರು ಹಾಕುತ್ತಾಳೆ. ಅವಳ ಹಣೆ ನೇವರಿಸುತ್ತ ತುಂಬ ಹೊತ್ತು ನಿಂತಿದ್ದೆ.

ಕೆಳಗಿನ ಮನೆಯ ಬಲೂನಿನಲ್ಲಿ ಗಾಳಿ ಇಳಿದಿದೆ. ಅವರದೂ ಬೋರ್‌ವೆಲ್. ನಮ್ಮ ಇಳಿಜಾರಿನ ಕೆಳಗೇ. ಆ ಮಗುವಿಗೆ ಎರಡು ವಾರ ಆಗಿರಬೇಕು. ಅವಳಿಗೆ ಹಾಲು ಸಾಲುತ್ತದೋ ಇಲ್ಲವೋ. ಸಾಲದಿದ್ದರೆ ಅವಳು ಯಾರಿಗೆ ಹೇಳುತ್ತಾಳೋ.

ಜನವರಿ 21, ಬುಧವಾರ. ಬೆಳಿಗ್ಗೆ 8.40

ಬಾಟಲಿಯ ನೀರನ್ನು ತುಳಸಿ ಕುಂಡಕ್ಕೆ ಸುರಿದೆ. ನಲ್ಲಿ ಬಿಟ್ಟು ತುಂಬಿದೆ. ಮುಚ್ಚಳ ತಿರುಗಿಸುವಾಗ ಇವರು ಬಾಗಿಲಲ್ಲಿ ನಿಂತಿದ್ದರು.

"ಹಸುಗಳು ಏನಾಗ್ತವೆ ಮಾನಸಾ?"

ಮುಚ್ಚಳ ಬಿಗಿದೆ. ಇವರು ಬಾಟಲಿಯನ್ನು ಕಿತ್ತುಕೊಳ್ಳಲಿಲ್ಲ. ದೀಪುವನ್ನು ಎತ್ತಿಕೊಂಡು ಒಳಗೆ ಹೋದರು.

ಬೆಳಗಿನ ಜಾವ ಹೊಸ ಹಿಮ ಬಿದ್ದಿದೆ. ಎಲ್ಲ ಬಿಳಿ. ಬೋರ್‌ವೆಲ್ ಪಕ್ಕದಲ್ಲಿ ಮಾತ್ರ ಒಂದು ದುಂಡನೆಯ ಕಪ್ಪು. ನೆಲ ಇನ್ನೂ ಬಿಸಿ ಇದೆ, ಅಲ್ಲಿ ಹಿಮ ನಿಲ್ಲುತ್ತಿಲ್ಲ.

ಫ್ರಿಜ್‌ನಿಂದ ಕಾಗದ ಬಿಡಿಸಿಕೊಂಡಿದ್ದೇನೆ. ಇಂಗ್ಲಿಷ್ ಬೇಕಾಗಿಲ್ಲ. ಚಿತ್ರದ ಮೇಲೆ ಬೆರಳಿಟ್ಟು, ಆ ಜಾಗ ತೋರಿಸಿ, ಹದಿನೇಳು ಹೆಜ್ಜೆ ನಡೆಯುತ್ತೇನೆ. ಆಮೇಲೆ ಕೆಳಗಿನ ಮನೆ ತೋರಿಸುತ್ತೇನೆ.

ಕೌಂಟಿಯವರ ಕಾರು ತಿರುವಿನಲ್ಲಿ ಕಾಣಿಸಿತು. ಅದರ ಹಿಂದೆಯೇ ಅಂಕಲ್ ಕಾರು. ಅಂಕಲ್ ಮೊದಲು ಇಳಿದು ಮಾತಾಡಿಬಿಟ್ಟರೆ ನನಗೆ ಬಾಯಿ ಬರುವುದಿಲ್ಲ. ಬೂಟು ಹಾಕಿಕೊಳ್ಳಲೂ ಹೊತ್ತಿಲ್ಲ, ಬರಿಗಾಲಲ್ಲೇ