ವಾಡಿಯಿಂದ ತಂದ ಗುಳಿಗೆ

ಅತ್ತೆವ್ವಾ,

ನೀಲಾ ಹೊಟ್ಟೆಯಲ್ಲಿದ್ದ ಹೊಸತರಲ್ಲಿ ನನಗೆ ನೀರು ಕುಡಿದರೂ ವಾಂತಿ. ಮೂರು ತಿಂಗಳು ತುಂಬುವತನಕ ಬಸುರಿನ ಸುದ್ದಿ ಹೊಸ್ತಿಲು ದಾಟಬಾರದು ಅನ್ನೋದು ನಮ್ಮ ಮನೆಯ ಪದ್ಧತಿ. ಅದಕ್ಕೇ ನೀವೊಬ್ಬರೇ ನಾಲವಾರದಲ್ಲಿ ರೈಲು ಹತ್ತಿ ವಾಡಿಗೆ ಹೋದಿರಿ. ಅಲ್ಲಿಯ ಡಾಕ್ಟರ ಮುಂದೆ "ವಾಂತಿ ನನಗೇ ಆಗಾಕತ್ತೇತ್ರಿ, ಪಿತ್ತ" ಅಂದು ಗುಳಿಗೆ ತಂದಿರಿ. "ಈ ವಯಸ್ಸಿನಾಗ ಬಸುರಿ ಅದೀನಿ ಅಂದಿದ್ರ ಅಂವ ಕುರ್ಚಿಯಿಂದ ಬೀಳತಿದ್ದ" ಎಂದು ನೀವು ನಕ್ಕಿರಿ. ನಾನೂ ನಕ್ಕೆ. ನುಂಗಿದೆ.

ನೀಲಾ ಹುಟ್ಟಿದ ಮೇಲೆ, ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ನೀವು ಒಂದು ಮುಂಜಾನೆ ಕೈ ನಿಲ್ಲಿಸಿದಿರಿ. ಎಡಗಾಲು ಒದೆಯುತ್ತಲೇ ಇರಲಿಲ್ಲ. ಶಹಾಬಾದದ ಡಾಕ್ಟರು, ಬಸುರಿದ್ದಾಗ ಏನಾದರೂ ಔಷಧ ತಗೊಂಡಿದ್ದಿರಾ ಎಂದು ಕೇಳಿದರು. ನೀವು ನನ್ನ ಮುಖ ನೋಡಿದಿರಿ. ಆ ಗುಳಿಗೆಯ ಹೆಸರು ನಿಮಗೆಲ್ಲಿ ಗೊತ್ತಿತ್ತು?

ಓಣಿಯ ಹೆಂಗಸರು "ಸೊಸಿ ಗ್ರಹಣದಾಗ ಹೊರಗ ಬಂದಿರಬೇಕು" ಅಂದಾಗ ನೀವು ಎದ್ದು ನಿಂತಿರಿ. "ಆಕಿಗೇನೂ ಅನಬ್ಯಾಡ್ರಿ. ಸುಳ್ಳು ಹೇಳಿ ಗುಳಿಗಿ ತಂದಾಕಿ ನಾನು." ನನಗೆ ಎಷ್ಟು ಹಗುರವಾಯಿತು ಗೊತ್ತೇನು? ಸುದ್ದಿ ಮುಚ್ಚಿಟ್ಟವಳು ನಾನೂ ಅಲ್ಲವೇ? ನೀವು ಬದುಕಿದ್ದಾಗ ನಾನು ಅದೊಂದು ಮಾತು ಅಂದಿದ್ದರೆ...

ಮೊನ್ನೆ ನೀಲಾಳನ್ನು ಗುಲಬರ್ಗಾದ ದೊಡ್ಡ ದವಾಖಾನೆಗೆ ಕರೆದೊಯ್ದಿದ್ದೆ. ಆಕೆಯ ಎದುರಿಗೇ ಎಲ್ಲಾ ಹೇಳಿ, ಗುಳಿಗೆಯಿಂದಲೇ ಹೀಗಾಯಿತೇನು ಎಂದು ಕೇಳಿದೆ. "ಯಾವ ಗುಳಿಗಿ ಅಂತ ಗೊತ್ತಿಲ್ಲದ ಹೆಂಗ ಹೇಳ್ಲಿ, ಅವ್ವಾ? ಆಗಿರಬಹುದು, ಆಗದೇನೂ ಇರಬಹುದು. ಒಂದು ಗುಳಿಗಿನೂ ನುಂಗದವರಿಗೂ ಹಿಂಥ ಕೂಸು ಹುಟ್ಟತಾವ" ಅಂದರು ಡಾಕ್ಟರು. ನಿಮ್ಮನ್ನು ಆ ತಪ್ಪಿನಿಂದ ಬಿಡಿಸಿಕೊಂಡು ಬರಲು ಹೋದವಳು ಬರಿಗೈಯಲ್ಲಿ ಬಂದೆ.

ಬರುವಾಗ ರೈಲಿನಲ್ಲಿ ನೀಲಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ವಾಡಿ ದಾಟಿದ ಮೇಲೆ ಬಾಯಿ ಬಿಟ್ಟಳು.

"ಅಜ್ಜಿ ದಿನಾ ನನ್ನ ಕಾಲು ತಿಕ್ಕತಿದ್ದಿದ್ದು ಇದಕ್ಕೇನು? ಮುದ್ದಿಗಿ ತಿಕ್ಕತಾಳ ಅಂತ ತಿಳ್ಕೊಂಡಿದ್ನಲ್ಲವ್ವಾ."

"ಮುದ್ದಿಗೇ" ಅಂದೆ.

"ಮತ್ತ ನೀ ಯಾಕ ಒಂದು ದಿನಾನೂ ತಿಕ್ಕಲಿಲ್ಲ?"

ಆ ಕಾಲು ಮುಟ್ಟಿದರೆ ತಪ್ಪು ನನ್ನದೂ ಆಗುತ್ತದೆ ಅಂತ ಅಂಜಿದ್ದೆನೇನೋ, ಅತ್ತೆವ್ವಾ. ನಿನ್ನೆ ಎಣ್ಣೆ ಬಿಸಿ ಮಾಡಿ ಹೋದೆ. "ಬ್ಯಾಡ" ಅಂದಳು. ಬಟ್ಟಲು ಹಿಡಿದು ಅಲ್ಲೇ ಕೂತೆ. ಎಷ್ಟೋ ಹೊತ್ತಿನ ಮೇಲೆ, ನನ್ನ ಕಡೆ ನೋಡದೆ, ಕಾಲು ಚಾಚಿದಳು.

ಇಂದೂ ಹೋಗುತ್ತೇನೆ. ನಾಳೆ ಬ್ಯಾಡ ಅಂದರೂ ಹೋಗುತ್ತೇನೆ.

ನಿಮ್ಮ ಸೊಸೆ